ಮುಚ್ಚದ ಬಾನೆಟ್

ನಮ್ಮ ವರ್ಕ್‌ಶಾಪಿನ ಗೇಟಿನ ಬುಡದಲ್ಲಿ ಒಂದು ಹಳದಿ ಗೆರೆ ಇದೆ. ಗೇಟು ಎಳೆಯುವಾಗ ಯಾವ ಗಾಡಿಯ ಮೂತಿಗೂ ತಾಗಬಾರದೆಂದು ಯಾವ ಕಾಲದಲ್ಲೋ ಬಳಿದ ಗೆರೆ. ನನ್ನ ಚಿಕ್ಕಮ್ಮ ಹದಿನೆಂಟು ವರ್ಷ ಆ ಗೆರೆಯ ಒಳಗೇ ಕಾರು ಓಡಿಸಿದಳು. ಎರಡು ಕಂಬಗಳ ನಡುವೆ ಬೆರಳಗಲ ಜಾಗ ಬಿಟ್ಟು ಎಂಥ ಗಾಡಿಯನ್ನಾದರೂ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಿದ್ದಳು. ಆದರೆ ಗೆರೆ ದಾಟಿ ರಸ್ತೆಗೆ ಇಳಿಸುವಂತಿರಲಿಲ್ಲ. ರಿಪೇರಿಯಾದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ನೋಡುವುದು ಯಜಮಾನರೊಬ್ಬರ ಕೆಲಸ. "ಟೆಸ್ಟ್ ಡ್ರೈವ್ ಅಂದ್ರೆ ವರ್ಕ್‌ಶಾಪಿನ ಮರ್ಯಾದೆ. ಅದನ್ನ ಕಂಡಕಂಡವರ ಕೈಗೆ ಕೊಡಕ್ಕಾಗಲ್ಲ," ಎನ್ನುತ್ತಿದ್ದರು.

ಯಜಮಾನರೆಂದರೆ ಚಿಕ್ಕಪ್ಪನ ಅಣ್ಣ, ಚಿಕ್ಕಮ್ಮನಿಗೆ ಭಾವ. ತಗಡಿನ ಶೆಡ್ಡಿನಲ್ಲಿ ಒಂದು ಸ್ಪ್ಯಾನರ್ ಸೆಟ್ ಇಟ್ಟುಕೊಂಡು ಶುರು ಮಾಡಿದವರು. ಅವರ ಇನ್ನೊಂದು ಕಾನೂನು ಬಿಳಿ ಗುರುತಿನದು. ಕೆಲಸ ಮುಗಿಸಿ ಬಾನೆಟ್ ಮುಚ್ಚುವವರು ಅದರ ಒಳಮೈ ಮೇಲೆ ಬಿಳಿ ಪೇಂಟಿನ ಪೆನ್ನಿನಿಂದ ತಮ್ಮ ಗುರುತು ಹಾಕಬೇಕು. ಯಜಮಾನರದು ತ್ರಿಕೋನ, ಚಿಕ್ಕಮ್ಮನದು ಎರಡು ಅಡ್ಡಗೆರೆ. ಗಾಡಿ ವಾಪಸು ಬಂದರೆ ಕೊನೆಯ ಗುರುತು ಯಾರದೋ ಅವರೇ ಜವಾಬ್ದಾರರು. ಒಂದೇ ತೊಂದರೆಗೆ ಮೂರು ಸಲ ವಾಪಸು ಬಂದರೆ ಆ ಮನುಷ್ಯ ಒಂದು ವರ್ಷ ಎಂಜಿನ್ ಮುಟ್ಟುವಂತಿಲ್ಲ; ಗಾಡಿ ತೊಳೆಯುವ ಕಡೆ ಪೈಪು ಹಿಡಿಯಬೇಕು. ಹಾಗೆ ಪೈಪು ಹಿಡಿದ ಇಬ್ಬರನ್ನು ನಾನೇ ನೋಡಿದ್ದೇನೆ. ಅವರಲ್ಲೊಬ್ಬರು ಮತ್ತೆ ಎಂಜಿನ್ನಿನ ಹತ್ತಿರ ಸುಳಿಯಲೇ ಇಲ್ಲ.

ನಾನು ಅಲ್ಲಿ ಮುಂದಿನ ಕೋಣೆಯಲ್ಲಿ ಜಾಬ್ ಕಾರ್ಡ್ ಬರೆಯುತ್ತಿದ್ದೆ. ಗಿರಾಕಿ ಹೇಳಿದ ತೊಂದರೆಯನ್ನು ಬರೆದು ಕಾರ್ಡನ್ನು ಗಾಡಿಯ ಕನ್ನಡಿಗೆ ನೇತುಹಾಕುವ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಳ್ಳಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡೇ ಓದಿದೆ. "ಅಕ್ಷರ ದುಂಡಗಿದೆ ಭಾವ, ತಪ್ಪಿಲ್ಲದೆ ಬರೀತಾಳೆ," ಎಂದು ಯಜಮಾನರ ಮುಂದೆ ನನ್ನನ್ನು ನಿಲ್ಲಿಸಿದವಳೂ ಅವಳೇ. ಅವಳು ಓದಿದ್ದು ಏಳನೇ ಕ್ಲಾಸು.

ಅವಳು ವರ್ಕ್‌ಶಾಪಿಗೆ ಬಂದದ್ದು ಕೆಲಸಕ್ಕಲ್ಲ, ಊಟದ ಡಬ್ಬಿ ಕೊಡಲು. ಆಗ ಚಿಕ್ಕಪ್ಪ ಎಂಜಿನ್ ಕೆಲಸದಲ್ಲಿದ್ದ. ಒಂದು ದಿನ ಗೇರ್‌ಬಾಕ್ಸ್ ಇಳಿಸುವಾಗ ಸೊಂಟ ಹಿಡಿದುಕೊಂಡು ಕೂತವನು ಮತ್ತೆ ಭಾರ ಎತ್ತಲಿಲ್ಲ. ಅವನನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಅರ್ಧಕ್ಕೆ ನಿಂತ ಆ ಗೇರ್‌ಬಾಕ್ಸ್ ಕೆಲಸ ಮುಗಿಸಲು ಕೈ ಸಾಲದೆ, ಡಬ್ಬಿ ಹಿಡಿದು ನಿಂತಿದ್ದ ಚಿಕ್ಕಮ್ಮನ ಕೈಗೆ ಯಾರೋ ಲೈಟು ಕೊಟ್ಟರು. ಆ ಕಥೆಯನ್ನು ಅವಳೇ ಹೇಳಬೇಕು: "ಲೈಟ್ ಹಿಡಿ ಅಂದ್ರು, ಹಿಡಿದೆ. ಸ್ಪ್ಯಾನರ್ ಹಿಡಿ ಅಂದ್ರು, ಹಿಡಿದೆ. ಹಿಡಿ ಹಿಡಿ ಅಂತ ಹೇಳೋರಿಗೆ ಸುಸ್ತಾಯ್ತು, ನಂಗಾಗ್ಲಿಲ್ಲ."

ನಾನು ನೋಡುವ ಹೊತ್ತಿಗೆ ಅವಳು ಎರಡನೇ ಕಟ್ಟೆಯ, ಅಂದರೆ ಎಂಜಿನ್ ರಿಪೇರಿಯ ಜಾಗದ, ಒಡತಿ. ಸೀರೆಯ ಮೇಲೆ ಚಿಕ್ಕಪ್ಪನ ಹಳೆಯ ಖಾಕಿ ಅಂಗಿ, ಜಡೆ ಸುತ್ತಿ ಕಟ್ಟಿದ ಬಟ್ಟೆ, ಎಷ್ಟು ಉಜ್ಜಿದರೂ ಹೋಗದ ಉಗುರಿನ ಕಪ್ಪು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತರೆ ಯಾರೂ ಮಾತಾಡಿಸುವಂತಿಲ್ಲ. ಹೊಸ ಗಿರಾಕಿಗಳು ಅವಳ ಮುಂದೆಯೇ ನಿಂತು "ಮೆಕ್ಯಾನಿಕ್ ಎಲ್ಲಮ್ಮಾ?" ಎಂದು ಕೇಳುವುದಿತ್ತು. "ಕೈ ತೊಳೀತಿದಾರೆ, ಕೂತ್ಕೊಳ್ಳಿ," ಎನ್ನುತ್ತಿದ್ದಳು. ನಲ್ಲಿಗೆ ಹೋಗಿ ನಿಧಾನವಾಗಿ ಕೈ ತೊಳೆದು, ಒರೆಸಿಕೊಂಡು ಬಂದು, "ಹೇಳಿ ಸ್ವಾಮಿ," ಎನ್ನುತ್ತಿದ್ದಳು.

ಈ ಎಂಜಿನ್ ಕಟ್ಟೆಯನ್ನೇ ಕಳೆದುಕೊಳ್ಳುವ ಪ್ರಸಂಗ ಬಂದದ್ದು ಕನ್ನಡಕದವನ ಕಾರಿನಿಂದ.

ಎರಡು ಬೀದಿ ಆಚೆ ಅವನ ಕನ್ನಡಕದ ಅಂಗಡಿ. ಮೂವತ್ತರ ಆಸುಪಾಸಿನ ಮೆತ್ತನೆಯ ಮನುಷ್ಯ. ಗಟ್ಟಿಯಾಗಿ ಮಾತಾಡುವವನೇ ಅಲ್ಲ. ಅಂಥವನು ಯಾರೋ ಮಾರಿದ ಹಳೆಯ ಟರ್ಬೊ ಕಾರು ತೆಗೆದುಕೊಂಡಿದ್ದ. ಸಾಧಾರಣ ಎಂಜಿನ್ನು ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಒಂದು ಫ್ಯಾನು ಹೊಗೆಯ ಬಲದಿಂದ ತಿರುಗಿ ಎಂಜಿನ್ನಿನೊಳಕ್ಕೆ ಗಾಳಿಯನ್ನು ನೂಕುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ನುಗ್ಗಿ ಬರುತ್ತಿರುವ ಗಾಳಿಗೆ ದಾರಿ ಇರುವುದಿಲ್ಲ. ಅದನ್ನು ಬಿಡಲು ಒಂದು ವಾಲ್ವ್ ಇರುತ್ತದೆ. ಕಂಪನಿಯ ವಾಲ್ವ್ ಹೆಚ್ಚು ಸದ್ದಿಲ್ಲದೆ ಆ ಗಾಳಿಯನ್ನು ಒಳಗಿನ ಪೈಪಿಗೇ ತಿರುಗಿಸುತ್ತದೆ. ಕನ್ನಡಕದವನು ಪೆಟ್ಟಿಗೆಯಲ್ಲಿ ಹೊಳೆಯುವ ಇನ್ನೊಂದು ವಾಲ್ವ್ ತಂದಿದ್ದ. ಅದು ಗಾಳಿಯನ್ನು ಹೊರಕ್ಕೆ ಉಗಿಯುವಂಥದ್ದು. ಉಗಿಯುವಾಗ ಹಾವಿನ ಹಾಗೆ "ಬುಸ್ಸ್" ಎನ್ನುತ್ತದೆ.

"ಆ ಸದ್ದಿಗೋಸ್ಕರಾನೇ ಸಾರ್," ಎಂದು ನಾಚಿಕೊಂಡು ಹೇಳಿದ.

ಯಜಮಾನರಿಗೆ ಖುಷಿಯಾಯಿತು. ಅಂಗಿಯ ತೋಳು ಮಡಚಿ ಅವರೇ ಕೂರಿಸಿದರು. ಹಳೆಯ ವಾಲ್ವಿನ ಗಾಳಿ ಮರಳುತ್ತಿದ್ದ ತೂತಿಗೆ ರಬ್ಬರಿನ ಬಿರಡೆ ಒತ್ತಿದರು. ಆಮೇಲೆ, "ಥ್ರಾಟಲ್ ಕ್ಲೀನ್ ಮಾಡಿ ಮುಚ್ಚಮ್ಮಾ," ಎಂದು ಚಿಕ್ಕಮ್ಮನಿಗೆ ಹೇಳಿ ಕೈ ಒರೆಸಿಕೊಂಡು ಹೋದರು. ಚಿಕ್ಕಮ್ಮ ಎಂಜಿನ್ನಿಗೆ ಗಾಳಿ ಬಿಡುವ ಆ ಬಾಗಿಲನ್ನು ಕ್ಲೀನ್ ಮಾಡಿದಳು, ಬಾನೆಟ್ ಮುಚ್ಚಿದಳು, ಎರಡು ಗೆರೆ ಎಳೆದಳು.

ಐದನೇ ದಿನ ಕಾರು ವಾಪಸು ಬಂತು. "ಆಫ್ ಆಗುತ್ತೆ," ಎಂದ ಕನ್ನಡಕದವನು. ನಾನು ಕಾರ್ಡಿನಲ್ಲಿ ದುಂಡಗೆ "ಕಾರು ಆಫ್ ಆಗುತ್ತದೆ" ಎಂದು ಬರೆದೆ. ಚಿಕ್ಕಮ್ಮ ಇಡೀ ದಿನ ಅದರ ಮುಂದೆ ಬಗ್ಗಿದ್ದಳು. ಮೊದಲು ಅನುಮಾನಪಟ್ಟದ್ದು ತನ್ನ ಕೈಯನ್ನೇ. ತಾನು ತೊಳೆದ ಥ್ರಾಟಲ್ಲನ್ನು ಮತ್ತೆ ಬಿಚ್ಚಿದಳು. ಪೈಪುಗಳ ಕ್ಲಿಪ್ಪು, ಸೆನ್ಸಾರಿನ ವೈರು, ಎಲ್ಲ ನೋಡಿದಳು. ಸ್ಕ್ಯಾನರ್ ಹಾಕಿದರೆ ಯಾವ ದೋಷವೂ ಇಲ್ಲ. ನಿಂತಲ್ಲೇ ಮೂರು ಗಂಟೆ ಎಂಜಿನ್ ಓಡಿಸಿದರೂ ಅದು ಒಮ್ಮೆಯೂ ನಿಲ್ಲಲಿಲ್ಲ. ಯಜಮಾನರು ಬ್ಲಾಕು ಸುತ್ತಿಸಿ ತಂದು, "ಬೆಣ್ಣೆ ಥರ ಇದೆ, ಕೊಟ್ಟು ಕಳ್ಸು," ಎಂದರು. ಮತ್ತೆ ಎರಡು ಗೆರೆ.

ವಾರ ಕಳೆಯುವಷ್ಟರಲ್ಲಿ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಈ ಸಲ ಒಳಗೆ ಕನ್ನಡಕದವನ ತಾಯಿಯೂ ಇದ್ದರು. ಇಳಿಜಾರಿನ ಸರ್ಕಲ್ಲಿನಲ್ಲಿ ಎಂಜಿನ್ ನಿಂತು, ಸ್ಟೀರಿಂಗ್ ಬಿಗಿದು, ಗಾಬರಿಯಲ್ಲಿ ಎರಡು ಮೂರು ಸಲ ತುಳಿದ ಬ್ರೇಕು ಕಲ್ಲಾಗಿ, ಎದುರಿನ ಲಾರಿಯ ಹಿಂಭಾಗಕ್ಕೆ ಒಂದು ಮೊಳ ದೂರದಲ್ಲಿ ಕಾರು ನಿಂತಿತ್ತಂತೆ. ಹೇಳುವಷ್ಟರಲ್ಲಿ ಕನ್ನಡಕದವನು ಮೂರು ಸಲ ಕೂತು ಎದ್ದ. ತಾಯಿ ಮಾತ್ರ ಬೆಂಚಿನ ಮೇಲೆ ಕೂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಯಜಮಾನರು ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದರು.

"ಐಡ್ಲಿಂಗ್ ಏರಿಸಿಬಿಡು. ಎಂಟುನೂರು ಇದೆಯಲ್ಲ, ಸಾವಿರದ ನಾನೂರು ಮಾಡು. ನಿಲ್ಲಲ್ಲ."

"ಏರಿಸಲ್ಲ ಭಾವ."

"ಏರಿಸಲ್ಲ ಅಂದ್ರೆ?"

"ಅಂದ್ರೆ ಏರಿಸಲ್ಲ."

ಐಡ್ಲಿಂಗ್ ಎಂದರೆ ಸುಮ್ಮನೆ ನಿಂತ ಗಾಡಿಯ ಎಂಜಿನ್ನು ತಿರುಗುವ ವೇಗ. ಒಂದು ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಏರುತ್ತದೆ. ಏರಿಸಿದರೆ ತೊಂದರೆ ಕೆಲವು ತಿಂಗಳು ಅಡಗಿ ಕೂರುತ್ತದೆ, ಮೂರನೇ ವಾಪಸು ಬರುವುದಿಲ್ಲ, ಚಿಕ್ಕಮ್ಮನ ಕಟ್ಟೆ ಉಳಿಯುತ್ತದೆ. ಅದು ಅವಳಿಗೂ ಗೊತ್ತಿತ್ತು.

"ನೋಡು, ಬಾನೆಟ್ ಎತ್ತಿದ್ರೆ ಯಾರ ಗುರುತಿದೆ ಅಂತ ಎಲ್ಲರಿಗೂ ಗೊತ್ತು," ಎಂದರು ಯಜಮಾನರು. "ಇನ್ನೊಂದ್ಸಲ ಬಂದ್ರೆ ಪೈಪೇ ಗತಿ. ತಮ್ಮನ ಹೆಂಡ್ತಿ ಅಂತ ಕಾನೂನು ಬಗ್ಗಲ್ಲ."

"ಬಗ್ಗೋದು ಬೇಡ, ನೆಟ್ಟಗೇ ಇರ್ಲಿ. ಆದ್ರೆ ಜ್ವರ ಬಂದಿರೋ ಮಗೂಗೆ ಪೌಡರ್ ಬಳಿದು ಶಾಲೆಗೆ ಕಳ್ಸೋ ಕೆಲಸ ನನ್ನ ಕೈಲಿ ಮಾಡಿಸ್ಬೇಡಿ."

ಆ ಸಂಜೆ ಮನೆಯಲ್ಲಿ ಚಿಕ್ಕಪ್ಪ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಗೋಡೆಗೆ ಒರಗಿದ್ದ. "ಅರ್ಧ ಸುತ್ತು ಕಣೇ. ಅರ್ಧ ಸುತ್ತಿಗೆ ಯಾಕೆ ಹಟ?" ಎಂದ.

"ಆ ಅಮ್ಮ ನಾಳೆ ಲಾರಿ ಕೆಳಗೆ ಹೋದ್ರೆ ಅರ್ಧ ಸುತ್ತು ಅಂತ ಸಮಾಧಾನ ಹೇಳ್ತೀಯಾ?"

"ಪೈಪ್ ಹಿಡಿಯೋ ಹಾಗಾದ್ರೆ?"

"ಹಿಡೀತೀನಿ. ಮೊದಲು ನಿಮ್ಮಣ್ಣನ ಕಡೆಗೇ ತಿರುಗಿಸ್ತೀನಿ."

ಚಿಕ್ಕಪ್ಪ ನಕ್ಕ. ನಕ್ಕದ್ದಕ್ಕೆ ಸೊಂಟ ನೋವಾಗಿ ಮುಖ ಹಿಂಡಿಕೊಂಡ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ನಾಲ್ಕರ ತುದಿಯೂ ಮಸಿ ಹಿಡಿದು ಕಪ್ಪಾಗಿತ್ತು. ಒಂದನ್ನು ಮೂಗಿನ ಹತ್ತಿರ ಹಿಡಿದಳು. "ಪೆಟ್ರೋಲ್ ಜಾಸ್ತಿ ಕುಡೀತಿದೆ. ಆದ್ರೆ ಇಲ್ಲಿ ನಿಂತಾಗ ಕುಡೀತಿಲ್ಲ. ಎಲ್ಲೋ ಹೊರಗಡೆ ಹೋದಾಗ ಕುಡೀತಿದೆ," ಎಂದಳು. ಆಮೇಲೆ ಜಾಬ್ ಕಾರ್ಡು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದಳು.

"ಕಾರು ಆಫ್ ಆಗುತ್ತದೆ. ಸರಿ. ಯಾವಾಗ?"

ಎರಡು ಸಲ ಅದೇ ವಾಕ್ಯ ಬರೆದಿದ್ದೆ, ಒಂದು ಸಲವೂ ಯಾವಾಗ ಎಂದು ಕೇಳಿರಲಿಲ್ಲ.

"ಹದಿನೈದು ವರ್ಷ ಓದಿದವಳು ಮೂರು ಪದ ಬರೆದಿದೀಯಲ್ಲೇ. ವರ್ಷಕ್ಕೆ ಐದು ಅಂದ್ರೂ ಎಷ್ಟಾಗ್ಬೇಕಿತ್ತು?"

ಸಿಟ್ಟಿನಿಂದ ಹೇಳಿದ್ದಲ್ಲ, ಆದರೂ ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಕನ್ನಡಕದವನನ್ನು ಕರೆಸಿ ಕೇಳಿದೆವು. ತಾಯಿಯೂ ಜೊತೆಗೇ ಬಂದಿದ್ದರು. ಅವನು, "ಯಾವಾಗ ಅಂದ್ರೆ... ಯಾವಾಗ ಬೇಕಾದ್ರೂ ಆಗುತ್ತಕ್ಕಾ," ಎಂದು ತಲೆ ಕೆರೆದುಕೊಂಡ.

"ಯಾವಾಗ ಬೇಕಾದ್ರೂ ಆಗಲ್ಲ," ಎಂದಿತು ಬೆಂಚಿನ ಕಡೆಯಿಂದ ಒಂದು ಗಟ್ಟಿ ದನಿ. "ಬುಸ್ ಅಂದ ಮೇಲೆ ಮಾತ್ರ ಆಗೋದು."

ಎಲ್ಲರೂ ಆ ಕಡೆ ತಿರುಗಿದೆವು. ಆತನ ತಾಯಿ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರಂತೆ. ಅಂದಿನಿಂದ ನಮ್ಮಲ್ಲಿ ಅವರ ಹೆಸರೇ ಕಂಡಕ್ಟರಮ್ಮ ಎಂದಾಯಿತು.

"ಜೋರಾಗಿ ಎಳೀತಾನೆ, ಗಾಡಿ ನುಗ್ಗುತ್ತೆ. ಮುಂದೆ ಸಿಗ್ನಲ್ ಕಾಣುತ್ತೆ, ಕಾಲ್ ತೆಗೀತಾನೆ. ಬುಸ್ಸ್ ಅನ್ನುತ್ತೆ. ಕ್ಲಚ್ ಒತ್ತಿದ ತಕ್ಷಣ ಒಂದ್ಸಲ ಗಡಗಡ ಅಂತ ನಡುಗಿ ಪ್ರಾಣ ಬಿಡುತ್ತೆ. ಮೆಲ್ಲಗೆ ಓಡಿಸಿದ ದಿನ ಬುಸ್ಸೂ ಇಲ್ಲ, ನಿಲ್ಲೋದೂ ಇಲ್ಲ."

"ಇದನ್ನ ಮೊದಲೇ ಹೇಳ್ಬಾರದಿತ್ತಾ ಅಮ್ಮಾ?" ಎಂದಳು ಚಿಕ್ಕಮ್ಮ.

"ಕೇಳಿದ್ರಾ? ಬಂದವರೆಲ್ಲ ಇವನ ಮುಖ ನೋಡ್ಕೊಂಡೇ ಮಾತಾಡಿದ್ರಿ. ನಾನೇನು ಇಲ್ಲಿ ಲಗೇಜಾ?"

ಚಿಕ್ಕಮ್ಮ ಎದ್ದು ಬಾನೆಟ್ಟಿನೊಳಗೆ ಹೊಳೆಯುತ್ತಿದ್ದ ಆ ವಾಲ್ವನ್ನು ಸ್ವಲ್ಪ ಹೊತ್ತು ನೋಡಿದಳು. ಅದರ ಪಕ್ಕದ ರಬ್ಬರಿನ ಬಿರಡೆಯನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ನೇರ ಯಜಮಾನರ ಮೇಜಿನ ಮುಂದೆ ಹೋಗಿ ನಿಂತಳು.

"ಭಾವ, ಇದನ್ನ ಜೋರಾಗಿ ಎಳೆದು, ಬುಸ್ ಅನ್ನಿಸಿ, ತಕ್ಷಣ ಕ್ಲಚ್ ಒತ್ತಿ ನೋಡ್ಬೇಕು. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ."

"ಮೂವತ್ತೈದು ವರ್ಷದಿಂದ ಓಡಿಸ್ತಿದೀನಿ. ನಂಗೆ ಕ್ಲಚ್ ಒತ್ತೋದು ನೀನು ಹೇಳ್ಕೊಡ್ತೀಯಾ?"

"ನೀವು ಓಡ್ಸೋದು ಗಾಡೀಲಿ ತುಂಬಿದ ಹಾಲಿನ ಕ್ಯಾನ್ ಇಟ್ಕೊಂಡ ಹಾಗೆ. ಅದಕ್ಕೇ ನಿಮ್ಮ ಕೈಯಲ್ಲಿ ಅದು ಬುಸ್ ಅನ್ನಲ್ಲ."

ಹೊರಗಿದ್ದವರ ಕೈಯಲ್ಲಿದ್ದ ಸ್ಪ್ಯಾನರುಗಳೆಲ್ಲ ಒಂದೇ ಸಲ ನಿಂತವು. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಾಡಿ ಸರಿ ಇದೆ. ಐಡ್ಲಿಂಗ್ ಏರಿಸು, ಬಾನೆಟ್ ಮುಚ್ಚು, ಗುರುತು ಹಾಕು. ಮಾತು ಮುಗೀತು."

ಮೇಜಿನ ಪಕ್ಕದ ಗೋಡೆಯ ಮೇಲೆ ಕೀಗಳ ಹಲಗೆ. ಚಿಕ್ಕಮ್ಮ ಕೈ ಚಾಚಿ ಅವರ ಕಣ್ಣೆದುರೇ ಆ ಕಾರಿನ ಕೀ ತೆಗೆದುಕೊಂಡಳು. ಬಿಚ್ಚಿದ್ದ ಪ್ಲಗ್ಗುಗಳನ್ನು ಒರೆಸಿ ಕೂರಿಸಿದಳು, ಬಾನೆಟ್ ಕೆಳಗಿಳಿಸಿದಳು, ಗುರುತು ಹಾಕಲಿಲ್ಲ.

"ಅಕ್ಕಾ, ನೀವು... ರಸ್ತೇಲಿ...?" ಎಂದ ಕನ್ನಡಕದವನು.

"ನೀನು ಇಲ್ಲೇ ಕೂತ್ಕೊಳ್ಳೋ," ಎಂದರು ಕಂಡಕ್ಟರಮ್ಮ, ಮುಂದಿನ ಸೀಟಿಗೆ ಹತ್ತುತ್ತಾ. "ಎಲ್ಲಿ ನಿಲ್ಲುತ್ತೆ ಅಂತ ನಂಗೆ ಗೊತ್ತು. ಏ ಹುಡುಗಿ, ಕಾರ್ಡ್ ತಗೊಂಡು ಹಿಂದೆ ಹತ್ತು. ಈ ಸಲ ಪೂರ್ತಿ ಬರಿ."

ಹತ್ತಿದೆ. ಹಳದಿ ಗೆರೆಯ ಹತ್ತಿರ ಬಂದಾಗ ಚಿಕ್ಕಮ್ಮ ಒಂದು ಕ್ಷಣವಾದರೂ ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ಇಂಡಿಕೇಟರ್ ಹಾಕಿದಳು, ಎಡಬಲ ನೋಡಿದಳು, ಹೋದಳು. ಹಿಂದಿನ ಗಾಜಿನಲ್ಲಿ ಯಜಮಾನರು ಬಾಗಿಲಿಗೆ ಬಂದು ನಿಂತದ್ದು ಕಾಣಿಸಿತು.

ಗೋದಾಮುಗಳ ಹಿಂದಿನ ರಸ್ತೆಗೆ ಹೋದೆವು. ಅಲ್ಲಿ ಆ ಹೊತ್ತಿಗೆ ಓಡಾಟವಿಲ್ಲ, ಕೊನೆಯಲ್ಲಿ ಸಣ್ಣ ಇಳಿಜಾರು. ಮೊದಲ ಸುತ್ತು ಯಜಮಾನರ ಹಾಗೆ, ಮೆಲ್ಲಗೆ. ಬುಸ್ ಎನ್ನಲಿಲ್ಲ, ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಚಿಕ್ಕಮ್ಮ ತುಳಿದಳು. ಬೆನ್ನು ಸೀಟಿಗೆ ಅಂಟಿಕೊಂಡಿತು. ಕಾಲು ತೆಗೆದಳು. ಬುಸ್ಸ್! ಕ್ಲಚ್ ಒತ್ತಿದಳು. ಕಾರು ಚಳಿ ಹಿಡಿದವರ ಹಾಗೆ ನಡುಗಿ ಸುಮ್ಮನಾಯಿತು. ಎದುರಿನ ಫಲಕದಲ್ಲಿ ಕೆಂಪು ದೀಪಗಳು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿದು ರಸ್ತೆಯ ಅಂಚಿಗೆ ನಿಲ್ಲಿಸಿದಳು. ಅವಳ ಮುಖದಲ್ಲಿ ನಗು.

"ಸಿಕ್ಕಿಬಿದ್ದ," ಎಂದಳು.

"ನಾನ್ ಹೇಳ್ಲಿಲ್ವಾ," ಎಂದರು ಕಂಡಕ್ಟರಮ್ಮ. "ರೈಟ್, ಮುಂದಕ್ಕೆ ಹೋಗ್ಲಿ."

ಆರು ಸುತ್ತು ಹಾಕಿದೆವು. ಮೂರು ಮೆಲ್ಲಗೆ, ಮೂರು ಜೋರಾಗಿ. ಬುಸ್ ಎಂದ ಮೂರು ಸಲವೂ ನಿಂತಿತು, ಬುಸ್ ಎನ್ನದ ಮೂರು ಸಲವೂ ನಿಲ್ಲಲಿಲ್ಲ. ವೇಗ, ಗೇರು, ಎಲ್ಲಿ, ಯಾವಾಗ, ಎಲ್ಲವನ್ನೂ ಬರೆದೆ. ಕಾರ್ಡಿನ ಹಿಂಬದಿಯೂ ತುಂಬಿತು.

ವಾಪಸು ಬಂದಾಗ ಯಜಮಾನರು ಗೆರೆಯ ಮೇಲೇ ನಿಂತಿದ್ದರು. ಅವರು ಸರಿಯುವವರೆಗೆ ಚಿಕ್ಕಮ್ಮ ಎಂಜಿನ್ ಆಫ್ ಮಾಡದೆ ಕಾದಳು. ಕೊನೆಗೆ ಸರಿದರು.

"ಲೈಸೆನ್ಸ್ ಇಲ್ದೆ ಗಿರಾಕಿ ಗಾಡಿ ರಸ್ತೆಗೆ ತಗೊಂಡು ಹೋಗಿದೀಯ. ಏನಾದ್ರೂ ಆಗಿದ್ರೆ?"

"ಲೈಸೆನ್ಸ್ ಆಗಿ ಮೂರು ವರ್ಷ ಆಯ್ತು. ರಜಾ ದಿನ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತೆ. ನೀವು ಕೇಳ್ಲಿಲ್ಲ, ನಾನು ತೋರಿಸ್ಲಿಲ್ಲ."

ಆಗ ಸ್ಟೋರಿನಿಂದ ಚಿಕ್ಕಪ್ಪ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಬಂದ. ಇನ್ನೊಂದು ಕೈಯಲ್ಲಿ ಚಿಕ್ಕಮ್ಮನ ಲೈಸೆನ್ಸು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಯಾವ ಗಾಡಿಯಿಂದ ಬಿಚ್ಚಿದ ಯಾವ ಭಾಗವನ್ನೂ ಅವನು ಎಸೆಯುವವನಲ್ಲ. ಚೀಟಿ ಕಟ್ಟಿ ಕಪಾಟಿನಲ್ಲಿ ಇಡುತ್ತಾನೆ. ಪೊಟ್ಟಣ ಬಿಚ್ಚಿದ. ಕನ್ನಡಕದವನ ಕಾರಿನ ಹಳೆಯ ವಾಲ್ವ್. ಚೀಟಿಯಲ್ಲಿ ತಾರೀಖು, ಗಾಡಿಯ ನಂಬರು, ಕೆಳಗೆ ಒಂದು ಸಾಲು: "ಬಿಚ್ಚಿದವರು: ಅಣ್ಣ."

"ನೀನೂ ಶುರು ಮಾಡಿದ್ಯಾ?" ಎಂದರು ಯಜಮಾನರು.

"ನಾನೇನೂ ಶುರು ಮಾಡಿಲ್ಲ ಅಣ್ಣ. ಬರೆದಿಡು ಅಂತ ನೀನೇ ಹೇಳ್ಕೊಟ್ಟಿದ್ದು, ಬರೆದಿಟ್ಟೆ."

ಚಿಕ್ಕಮ್ಮ ಬಾನೆಟ್ ಎತ್ತಿದಳು. ಕನ್ನಡಕದವನನ್ನು ಹತ್ತಿರ ಕರೆದಳು. ಅವನಿಗೆ ಹೇಳುತ್ತಿದ್ದಳಾದರೂ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ನೋಡಪ್ಪಾ. ಮನೇಲಿ ಊಟಕ್ಕೆ ಕರೆದಿದೀಯ ಅಂದ್ಕೋ. ಬಾಗಿಲಲ್ಲಿ ಒಬ್ಬ ನಿಂತು ಬಂದವರನ್ನ ಎಣಿಸ್ತಾನೆ. ಹತ್ತು ಜನ ಅಂತ ಅಡುಗೆಮನೆಗೆ ಹೇಳ್ತಾನೆ. ಇಲ್ಲಿ ಈ ಸೆನ್ಸಾರೇ ಅವನು; ಒಳಗೆ ಹೋಗೋ ಗಾಳೀನ ಎಣಿಸೋನು. ಅಡುಗೆಮನೆಯವರು ಹತ್ತು ಎಲೆಗೂ ಬಡಿಸ್ತಾರೆ, ಅಂದ್ರೆ ಪೆಟ್ರೋಲು. ಆದ್ರೆ ನಿನ್ನ ಈ ಬುಸ್ ವಾಲ್ವ್ ಏನ್ ಮಾಡುತ್ತೆ? ಎಣಿಸಾದ ಮೇಲೆ ಆರು ಜನಾನ ಹಿಂಬಾಗಿಲಿಂದ ಹೊರಗೆ ಕಳಿಸ್ಬಿಡುತ್ತೆ. ಬಡಿಸಿದ್ದು ಹತ್ತಕ್ಕೆ, ಕೂತಿರೋದು ನಾಲ್ಕು. ಆ ನಾಲ್ಕು ಜನ ಹತ್ತರ ಊಟ ತಿಂದ್ರೆ ಉಸಿರು ಕಟ್ಟಲ್ವಾ? ಅದಕ್ಕೇ ಕಟ್ಟುತ್ತೆ."

"ಹಳೇದು?" ಎಂದ ಅವನು.

"ಹಳೇದು ಅವರನ್ನ ಬೀದಿಗೆ ಕಳಿಸಲ್ಲ. ಪಡಸಾಲೇಲಿ ಕೂರಿಸಿ ಮತ್ತೆ ಪಂಕ್ತಿಗೆ ಕರ್ಕೊಂಡು ಬರುತ್ತೆ. ಬಾಗಿಲಲ್ಲಿ ನಿಂತೋನ ಲೆಕ್ಕ ತಪ್ಪಲ್ಲ."

ಕನ್ನಡಕದವನು ಹೊಳೆಯುವ ವಾಲ್ವನ್ನೇ ನೋಡುತ್ತಿದ್ದ. ಆಟದ ಸಾಮಾನು ಕಿತ್ತುಕೊಂಡವರ ಮುಂದೆ ನಿಂತ ಮಗುವಿನ ಹಾಗಿತ್ತು ಮುಖ. "ಹಳೇದು ಹಾಕಿದ್ರೆ ಸದ್ದು ಬರೋದೇ ಇಲ್ವಾ ಅಕ್ಕಾ? ಸ್ವಲ್ಪನೂ?"

"ಕಿಟಕಿ ಮುಚ್ಕೊಂಡು ಕಿವಿ ಕೊಟ್ರೆ ಮೆತ್ತಗೆ ಕೇಳುತ್ತೆ. ನಿಂಗೆ ಕೇಳುತ್ತೆ, ಊರಿಗೆ ಕೇಳಲ್ಲ."

"ಇವನಿಗೆ ಅಷ್ಟು ಸದ್ದು ಬೇಕಿದ್ರೆ ಮನೇಲಿ ನಾನಿಲ್ವಾ," ಎಂದರು ಕಂಡಕ್ಟರಮ್ಮ. ವಿಷಯ ಅಲ್ಲಿಗೆ ಮುಗಿಯಿತು.

ಚಿಕ್ಕಮ್ಮ ಹಳೆಯ ವಾಲ್ವ್ ಕೂರಿಸಿದಳು, ಬಿರಡೆ ಕಿತ್ತು ಪೈಪು ಜೋಡಿಸಿದಳು, ಹೊಸ ಪ್ಲಗ್ಗು ಹಾಕಿದಳು. ಗಂಟೆಯೂ ಹಿಡಿಯಲಿಲ್ಲ. ಯಜಮಾನರು ಅಲ್ಲಿಯವರೆಗೂ ಅವಳ ಹಿಂದೆ ನಿಂತಿದ್ದವರು ಈಗ ದನಿ ಇಳಿಸಿ ಹೇಳಿದರು: "ಆಯ್ತಲ್ಲ. ಹಳೇ ಗುರುತೆಲ್ಲ ತಿನ್ನರ್ ಹಾಕಿ ಒರೆಸಿಬಿಡು. ಹೊಸದಾಗಿ ನಿನ್ನದು ಹಾಕಿ ಮುಚ್ಚು. ಆ ಎರಡು ವಾಪಸು ನಿನ್ನ ಹೆಸರಿಗೆ ಬರೆಯಲ್ಲ. ಯಾರ ಹೆಸರಿಗೂ ಬೇಡ."

ಅದು ಅವರ ಪಾಲಿಗೆ ದೊಡ್ಡ ಔದಾರ್ಯ. ಚಿಕ್ಕಮ್ಮ ಬಾನೆಟ್ಟಿನ ಒಳಮೈಯನ್ನು ತೋರಿಸಿದಳು. ಎರಡು ಗೆರೆ, ಅದರ ಕೆಳಗೆ ಮತ್ತೆ ಎರಡು ಗೆರೆ.

"ನನ್ನದನ್ನ ಯಾಕೆ ಒರೆಸ್ಲಿ ಭಾವ? ನಾನು ಥ್ರಾಟಲ್ ತೊಳೆದಿದ್ದು ನಿಜ, ಅದಿರ್ಲಿ. ವಾಲ್ವ್ ಕೂರಿಸಿದವರ ಗುರುತು ಎಲ್ಲಿ?"

"ಮುಚ್ಚಿದವರು ಹಾಕೋದು ಕಾನೂನು."

"ಮುಚ್ಚಿದವರಿಗೆ ಶಿಕ್ಷೆ ಅಂದ್ರೆ, ನಾನು ಮುಚ್ಚಲ್ಲ."

ಬಾನೆಟ್ಟಿಗೆ ಕಡ್ಡಿ ಕೊಟ್ಟು, ಕೈ ತೊಳೆದು, ಮುಂದಿನ ಗಾಡಿಗೆ ಹೋದಳು.

ಆಮೇಲೆ ನಡೆದದ್ದು ಆ ವರ್ಕ್‌ಶಾಪಿನಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯುವಂಥದ್ದಲ್ಲ. ಮುಚ್ಚಿದವರು ಗುರುತು ಹಾಕಬೇಕು, ಗುರುತು ಹಾಕಿದವರು ಹೊಣೆ. ಹಾಗಾಗಿ ಯಾರೂ ಮುಚ್ಚಲಿಲ್ಲ. ಎರಡನೇ ಕಟ್ಟೆಯ ಮಧ್ಯೆ ಕಾರು ದಂತವೈದ್ಯರ ಕುರ್ಚಿಯಲ್ಲಿ ಕೂತವರ ಹಾಗೆ ಬಾಯಿ ತೆರೆದುಕೊಂಡು ನಿಂತಿತು. ಅದನ್ನು ದಾಟಿ ಬೇರೆ ಗಾಡಿ ಒಳಗೆ ಬರುವಂತಿಲ್ಲ. ತಗಡು ತಟ್ಟುವ ಟಿಂಕರ್ ಕೆಲಸದವರು ಸುತ್ತು ಹಾಕಿ ಓಡಾಡಿದರು. ಪೇಂಟರು, "ಗಾಳಿಗೆ ತಾನೇ ಬಿದ್ದು ಮುಚ್ಚಿಕೊಂಡ್ರೆ ಗಾಳಿ ಗುರುತು ಹೇಗಿರುತ್ತೋ," ಎಂದರು. ಯಜಮಾನರು ಒಬ್ಬೊಬ್ಬರಿಗೂ ಹೇಳಿ ನೋಡಿದರು. ಒಬ್ಬರಿಗೆ ಕೈಗೆ ಗ್ರೀಸ್, ಇನ್ನೊಬ್ಬರಿಗೆ ಫೋನು, ಮತ್ತೊಬ್ಬರಿಗೆ ಇದ್ದಕ್ಕಿದ್ದಂತೆ ಭುಜ ನೋವು. ಎರಡನೇ ದಿನ ಚಿಕ್ಕಮ್ಮ ಆ ತೆರೆದ ಬಾನೆಟ್ಟಿನ ನೆರಳಿನಲ್ಲೇ ಸ್ಟೂಲು ಹಾಕಿಕೊಂಡು ಊಟ ಮಾಡಿದಳು. ಕನ್ನಡಕದವನು ದಿನಕ್ಕೆರಡು ಸಲ ಫೋನ್ ಮಾಡಿ, "ರೆಡಿ ಆಯ್ತಾ?" ಎನ್ನುತ್ತಿದ್ದ. "ರಿಪೇರಿ ಆಗಿದೆ, ಮುಚ್ಚೋದು ಬಾಕಿ," ಎನ್ನುತ್ತಿದ್ದೆ. ಅವನು ಫೋನ್ ಇಡುತ್ತಿದ್ದ.

"ಯಜಮಾನರೇ ಮುಚ್ಚಿ ಕೊಟ್ಟು ಕಳಿಸಿಬಿಟ್ರೆ ಏನ್ ಮಾಡ್ತೀಯ?" ಎಂದು ಚಿಕ್ಕಮ್ಮನನ್ನು ಕೇಳಿದೆ.

"ಮತ್ತೆ ತೆಗೀತೀನಿ," ಎಂದಳು.

ಮೂರನೇ ದಿನ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಯಜಮಾನರು ಕಾರಿನ ಮುಂದೆ ನಿಂತಿದ್ದರು. ಕೈಯಲ್ಲಿ ಬಿಳಿ ಪೇಂಟಿನ ಪೆನ್ನು. ಅದು ಒಣಗಿತ್ತೇನೋ, ಎರಡು ಸಲ ಕೊಡವಿ ಉಗುರಿನ ಮೇಲೆ ಗೀಚಿ ನೋಡಿದರು. ಬಾನೆಟ್ಟಿನ ಒಳಗೆ, ಚಿಕ್ಕಮ್ಮನ ನಾಲ್ಕು ಗೆರೆಗಳ ಮೇಲುಗಡೆ, ತ್ರಿಕೋನ ಬರೆದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ವಾಲ್ವ್" ಎಂದು ಬರೆದರು. ನನ್ನ ಕಡೆ ನೋಡದೆಯೇ, "ಇನ್ಮೇಲೆ ಯಾರು ಏನು ಬಿಚ್ಚಿದ್ರು, ಏನು ಹಾಕಿದ್ರು, ಅದೂ ಕಾರ್ಡಲ್ಲಿ ಬರಿ. ಯಾವಾಗ ಅನ್ನೋದನ್ನೂ ಕೇಳು," ಎಂದರು.

ಚಿಕ್ಕಮ್ಮ ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ತನ್ನ ಎರಡು ಗೆರೆ ಎಳೆದು "ಹಳೇ ವಾಲ್ವ್" ಎಂದು ಬರೆದಳು. ಕಡ್ಡಿ ಇಳಿಸಿ, ಬಾನೆಟ್ಟನ್ನು ಎರಡೂ ಅಂಗೈಯಿಂದ ಒತ್ತಿ ಮುಚ್ಚಿದಳು.

ಯಜಮಾನರು ಅಭ್ಯಾಸದಂತೆ ಕೈ ಚಾಚಿದರು. "ಕೀ ಕೊಡು. ಒಂದು ಸುತ್ತು ನೋಡ್ಕೊಂಡು ಬರ್ತೀನಿ."

ಚಿಕ್ಕಮ್ಮ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಎಂಜಿನ್ ಶುರುವಾಯಿತು. ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಳು.

"ಹತ್ತಿ ಭಾವ. ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಇವತ್ತು ಹಾಲಿನ ಕ್ಯಾನ್ ಇಲ್ಲ."

ಅವರು ಹತ್ತಿದರು. ಹಳದಿ ಗೆರೆ ದಾಟಿ ಕಾರು ಬಲಕ್ಕೆ ತಿರುಗಿತು. ಆಮೇಲೆ ಅದು ದೂರದಲ್ಲಿ ಜೋರಾಗಿ ಎಳೆದ ಸದ್ದು ಕೇಳಿಸಿತು. ನಾನೂ ಚಿಕ್ಕಪ್ಪನೂ ಗೇಟಿನಲ್ಲಿ ನಿಂತು ಕಿವಿ ಕೊಟ್ಟೆವು. ಬುಸ್ ಎನ್ನಲಿಲ್ಲ. ಎಂಜಿನ್ನಿನ ಸದ್ದು ಒಂದು ಸಲ ಇಳಿಯಿತು, ನಿಲ್ಲಲಿಲ್ಲ, ಮತ್ತೆ ಏರಿತು.